ಅಟ್ಟದ ಹಾಸಿಗೆ

"ಅಟ್ಟದ ಮೇಲಿರೋ ಆ ಪಟ್ಟೆ ಹಾಸಿಗೆ ಒಂದನ್ನ ಮಾತ್ರ ಬಿಚ್ಚಬೇಡ ತಾಯಿ," ಎಂದು ಅತ್ತೆ ಹೇಳಿದಾಗ ಸೊಸೆ ಹತ್ತಿಯ ರಾಶಿಯ ನಡುವೆ ಕೂತಲ್ಲೇ ನಕ್ಕುಬಿಟ್ಟಳು.

"ಯಾಕತ್ತೆ, ಒಳಗೆ ದೆವ್ವ ಮಲಗಿದ್ಯಾ? ಎಬ್ಬಿಸಿದ್ರೆ ಬೈಯುತ್ತಾ?"

ಅತ್ತೆ ನಗಲಿಲ್ಲ. ಬೈಬಲ್ಲನ್ನು ಚೀಲಕ್ಕೆ ಹಾಕುತ್ತಿದ್ದ ಕೈ ಅಲ್ಲೇ ನಿಂತಿತು. "ಬಿಚ್ಚಬೇಡ ಅಂದ್ರೆ ಬಿಚ್ಚಬೇಡ. ಅದರೊಳಗಿಂದ ಏನಾದ್ರೂ ಬಿತ್ತು ಅಂತಿಟ್ಕೋ, ಅದರ ಗಂಟು ಬಿಚ್ಚಬೇಡ. ಅದರ ಮುಂದೆ ಯಾರ ಸುದ್ದೀನೂ ಎತ್ತಬೇಡ. ನಾನು ಬರೋವರೆಗೂ ಹಾಗೇ ಬಿಟ್ಟಿರು."

ಇಷ್ಟು ಹೇಳಿ ಮುದುಕಿ ಸೊಂಟ ಹಿಡಿದುಕೊಂಡು, ಕಾಯಿಲೆ ಬಿದ್ದವರೊಬ್ಬರ ಮನೆಯ ಪ್ರಾರ್ಥನೆಗೆ ಹೊರಟುಹೋದಳು. ಏನು, ಎತ್ತ ಎಂದು ಒಂದೇ ಒಂದು ಮಾತು ಬಿಡಿಸಿ ಹೇಳಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಆದರೆ ಹೇಳಲು ಅವಳಿಗೆ ನಾಚಿಕೆ ಅಡ್ಡ ಬಂದಿತ್ತು.

ಸೊಸೆ ಆ ಹಾಸಿಗೆ ಅಂಗಡಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅದಕ್ಕೆ ಮುಂಚೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಕೊಂಡಿದ್ದವಳು. ಗಾಜಿನ ತುಂಡಿನ ಮೇಲೆ ಇಟ್ಟು ನೋಡಿದಾಗ ಕಾಣದ್ದು ಈ ಲೋಕದಲ್ಲೇ ಇಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಅತ್ತೆಯ ಸೊಂಟ ಕೈಕೊಟ್ಟ ಮೇಲೆ ಬೇರೆ ದಾರಿ ಕಾಣದೆ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದಳು. ಮುಂದೆ ಅಂಗಡಿ, ಹಿಂದೆ ಕಿಟಕಿಯಿಲ್ಲದ ಗೋದಾಮು, ಗೋದಾಮಿನ ಅರ್ಧಕ್ಕೆ ಮರದ ಅಟ್ಟ. ಹಳೆಯ ಹಾಸಿಗೆಗಳ ಹೊಲಿಗೆ ಬಿಚ್ಚುವುದು, ಗಟ್ಟಿಕಟ್ಟಿದ ಹತ್ತಿಯನ್ನು ಯಂತ್ರಕ್ಕೆ ಹಾಕಿ ಎಕ್ಕುವುದು, ಹಗುರಾದ ಹತ್ತಿಯನ್ನು ಹೊಸ ಬಟ್ಟೆಗೆ ತುಂಬಿ ಉದ್ದನೆಯ ದಬ್ಬಣದಿಂದ ಹೊಲಿಯುವುದು, ಇಷ್ಟೇ ಕೆಲಸ. ಯಂತ್ರ ಬರುವ ಮುಂಚೆ ಹತ್ತಿ ಎಕ್ಕುತ್ತಿದ್ದ ಆಳುದ್ದದ ಬಿಲ್ಲೊಂದು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಅದು ಅವಳ ಗಂಡನ ಬಿಲ್ಲು. ಅವನು ಹೋದ ಮೇಲೆ ಅದರ ತಂತಿಯನ್ನು ಯಾರೂ ಮೀಟಿರಲಿಲ್ಲ.

ಅವನು ಸತ್ತ ಬಗೆಯನ್ನು ಅವಳು ಮರೆತಿರಲಿಲ್ಲ. ಹತ್ತಿಯ ಮೂಟೆಗಳನ್ನು ತುಂಬಿದ್ದ ವ್ಯಾನು. ಓಡಿಸುತ್ತಿದ್ದವನು ಬೇರೆ ಯಾರೋ ಅಲ್ಲ, ಅವಳದೇ ತಮ್ಮ. ಕುಡಿದಿದ್ದ. ವ್ಯಾನು ಮಗುಚಿಬಿತ್ತು. ತಮ್ಮ ಕಾಲು ಮುರಿದುಕೊಂಡು ಹೊರಗೆ ಬಂದ. ಹಿಂದೆ ಕೂತಿದ್ದ ಗಂಡ ಮೂಟೆಗಳ ಅಡಿಯಲ್ಲಿ ಸಿಕ್ಕಿಕೊಂಡು, ಮೈಮೇಲೆ ಒಂದು ಗೀರೂ ಇಲ್ಲದೆ, ಉಸಿರುಗಟ್ಟಿ ಹೋದ. ಹೆಣವನ್ನು ಗುರುತಿಸಲು ಹೋದವಳು ಅವನ ಬಾಯಿಂದ ತಾನೇ ಹತ್ತಿ ತೆಗೆದಿದ್ದಳು.

ತಮ್ಮ ಜೈಲಿಗೆ ಹೋಗಿ ಬಂದ. ಕುಡಿತ ಬಿಟ್ಟ. ಸೈಕಲ್ ರಿಪೇರಿ ಅಂಗಡಿಯಲ್ಲಿ ಪಂಕ್ಚರ್ ಹಾಕಿಕೊಂಡು, ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ. ಕಳೆದ ವಾರ ಆರಾಧನೆ ಮುಗಿದ ಮೇಲೆ ಅತ್ತೆ ಎಲ್ಲರ ಕಣ್ಣೆದುರು ಅವನ ಎರಡೂ ಕೈ ಹಿಡಿದುಕೊಂಡಿದ್ದಳು. ಸೊಸೆಗೆ ಮೈಯೆಲ್ಲ ಉರಿದುಹೋಯಿತು.

"ಮಗನ್ನ ಕೊಂದವನ ಕೈ ಹೇಗೆ ಹಿಡಿದ್ರಿ?" ಎಂದು ಮನೆಗೆ ಬಂದು ಹಾರಾಡಿದಳು. "ಅಷ್ಟು ಸುಲಭವಾಗಿ ಕ್ಷಮಿಸಿಬಿಟ್ರಾ?"

"ನಾನೆಲ್ಲಿ ಕ್ಷಮಿಸಿದೆ? ನನ್ನ ಕೈಲಿ ಆಗ್ಲಿಲ್ಲ ತಾಯಿ," ಎಂದಳು ಅತ್ತೆ. "ಶಿಲುಬೆ ಮೇಲೆ ಕರ್ತನೂ ತನ್ನ ತಂದೇನ್ನೇ ಕೇಳಿಕೊಂಡ, ಇವರನ್ನ ಕ್ಷಮಿಸು ಅಂತ. ನಾನೂ ಹಾಗೇ ಕೇಳಿಕೊಂಡೆ. ನನ್ನ ಕೈಲಿ ಆಗಲ್ಲ, ನೀನೇ ಮಾಡು ಅಂತ. ದಿನಾ ಕೇಳ್ತೀನಿ."

ಸೊಸೆ ಮುಖ ತಿರುಗಿಸಿಕೊಂಡಳು. ದಿನವೂ ಬೆಳಗ್ಗೆ ಮೂವರೂ ಕೂತು ಕರ್ತನ ಪ್ರಾರ್ಥನೆ ಹೇಳುವಾಗ, ನಮಗೆ ಕೆಟ್ಟದ್ದು ಮಾಡಿದವರನ್ನು ಕ್ಷಮಿಸುವ ಆ ಸಾಲು ಬಂದರೆ ಸಾಕು, ಅವಳು ತುಟಿ ಬಿಗಿದುಕೊಂಡು ಸುಮ್ಮನಿರುತ್ತಿದ್ದಳು. ಮುಂದಿನ ಸಾಲಿಗೆ ಮತ್ತೆ ದನಿ ಸೇರಿಸುತ್ತಿದ್ದಳು.

ಇರಲಿ. ಅತ್ತೆ ಹೊರಟುಹೋದ ಆ ದಿನ ಹಾಸ್ಟೆಲೊಂದಕ್ಕೆ ಹಾಸಿಗೆಗಳು ಹೋಗಬೇಕಿತ್ತು, ಹತ್ತಿ ಸಾಲದೆ ಬಂತು. ಸೊಸೆ ಏಣಿ ಹತ್ತಿದಳು. ಅಟ್ಟದ ಮೂಲೆಯಲ್ಲಿ ಪಟ್ಟೆ ಹಾಸಿಗೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಗಂಡನ ಹಾಸಿಗೆ ಎಂದು ನೋಡಿದ ಕೂಡಲೇ ತಿಳಿಯಿತು. ಓಹೋ, ಮಗನ ನೆನಪಿಗೆ ಇಟ್ಟುಕೊಂಡಿದ್ದಾಳೆ, ಅದಕ್ಕೇ ಇಷ್ಟೆಲ್ಲ ನಾಟಕ ಅಂದುಕೊಂಡಳು. ನೆನಪನ್ನು ಅಟ್ಟದಲ್ಲಿ ಇಲಿಗೆ ಹಾಕುವುದಕ್ಕಿಂತ ಅವನ ಮಗಳಿಗೆ ಒಂದು ದಿಂಬು ಮಾಡಿಕೊಟ್ಟರೆ ಚೆನ್ನಲ್ಲವೇ? ಹಾಸಿಗೆಯನ್ನು ಕೆಳಗೆ ಎಳೆದು ಹೊಲಿಗೆ ಸರ್ರನೆ ಬಿಚ್ಚಿದಳು.

ಹಳೆಯ ನಿದ್ದೆಯ ವಾಸನೆ ಬಂತು. ಬೆವರು, ತಲೆಗೆಣ್ಣೆ. ಅದರ ಕೆಳಗೆ ಇನ್ನೇನೋ, ಸುಟ್ಟ ರಬ್ಬರಿನಂಥದು. ಹತ್ತಿಯ ನಡುವೆ ಕೈಗೆ ಗಟ್ಟಿಯಾದದ್ದೊಂದು ಸಿಕ್ಕಿತು. ಕಪ್ಪು ಬಟ್ಟೆಯ ಗಂಟು. ಅದಕ್ಕೆ ಉದ್ದನೆಯ ನರೆಗೂದಲು ಸುತ್ತು ಸುತ್ತಾಗಿ ಬಿಗಿದಿತ್ತು.

ಅತ್ತೆಯ ಮಾತು ನೆನಪಾಗಲಿಲ್ಲ ಎಂದೇನಲ್ಲ. ನೆನಪಾಯಿತು, ನಗು ಬಂತು, ಕತ್ತರಿ ಆಡಿಸಿದಳು.

ಒಳಗಿದ್ದದ್ದು ಅಂಗೈಯಗಲದ ಬಟ್ಟೆಯ ಬೊಂಬೆ. ಕಣ್ಣಿಲ್ಲ, ಬಾಯಿ ಮಾತ್ರ ಇತ್ತು, ಕೆಂಪು ದಾರದ್ದು. ಹೊಲಿಗೆ ಎಷ್ಟು ಅಂದವಾಗಿತ್ತೆಂದರೆ ಹೊಲಿದವರ ಕೈ ಪಳಗಿದ್ದೆಂದು ಯಾರಾದರೂ ಹೇಳಬಹುದಿತ್ತು.

"ಏನಪ್ಪಾ ಬೊಂಬೆರಾಯ, ನಿನಗೇನಾ ನಮ್ಮತ್ತೆ ಇಷ್ಟು ಹೆದರೋದು?" ಎಂದು ಅದರ ಮೂಗಿಲ್ಲದ ಮುಖಕ್ಕೆ ಬೆರಳಿಂದ ತಟ್ಟಿದಳು. "ನಿನ್ನ ಕೈಲಿ ಏನಾದ್ರೂ ಆಗೋದಿದ್ರೆ ಹೋಗಿ ನನ್ನ ತಮ್ಮನ್ನ ವಿಚಾರಿಸಿಕೋ. ನನ್ನ ಗಂಡ ಹೋದ ಹಾಗೇ ಅವನೂ ಹೋಗಲಿ."

ಶುರುವಾದದ್ದು ತಮಾಷೆಗೇ. ಕೊನೆಯ ಮಾತು ಮಾತ್ರ ತಮಾಷೆಯಾಗಿರಲಿಲ್ಲ. ಆ ಮಾತು ಆಡುತ್ತಲೇ ದಬ್ಬಣವನ್ನು ಬೊಂಬೆಯ ಎದೆಗೆ ಚುಚ್ಚಿ, ಅಟ್ಟದ ಮರದ ಕಂಬಕ್ಕೆ ನೆಟ್ಟಳು. ಬೊಂಬೆಯ ಹೊಟ್ಟೆ ಹರಿದು ಒಳಗಿನ ಹತ್ತಿ ಅವಳ ಮಡಿಲಿಗೆ ಬಿತ್ತು. ಎಷ್ಟು ವರ್ಷದ್ದೋ ಏನೋ, ಇವತ್ತು ಕಾಯಿಯಿಂದ ಬಿಡಿಸಿದಷ್ಟು ಬೆಳ್ಳಗಿತ್ತು, ಮೆತ್ತಗಿತ್ತು. ಹಾಸಿಗೆ ಅಂಗಡಿಯಲ್ಲಿ ಹಿಡಿ ಹತ್ತಿಯನ್ನೂ ಯಾರೂ ಬಿಸಾಡುವುದಿಲ್ಲ. ಸೊಸೆ ಆ ಅಭ್ಯಾಸವನ್ನು ಚೆನ್ನಾಗಿ ಕಲಿತುಬಿಟ್ಟಿದ್ದಳು. ಅದನ್ನೂ ಗಂಡನ ಹಾಸಿಗೆಯ ಹತ್ತಿಯ ಜೊತೆ ಯಂತ್ರಕ್ಕೆ ಸುರಿದಳು. ಹಲ್ಲುಗಳ ನಡುವೆ ಎಲ್ಲ ಒಂದಾಗಿ ನೊರೆಯಂತೆ ಹೊರಗೆ ಬಂತು. ಅದರಲ್ಲೇ ಮಗಳಿಗೊಂದು ದಿಂಬು ಹೊಲಿದಳು.

ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಬಾಯಿ ಮುಚ್ಚದ ಹುಡುಗಿ. ತಲೆಯ ಹಿಂದೆ ಎರಡು ಸುಳಿ, ಥೇಟ್ ಸೋದರಮಾವನ ಹಾಗೆ. ತಲೆ ಬಾಚುವಾಗ ಆ ಎರಡು ಸುಳಿ ಕಂಡರೆ ಸೊಸೆಯ ಬಾಚಣಿಗೆ ಯಾಕೋ ಸ್ವಲ್ಪ ಒರಟಾಗುತ್ತಿತ್ತು. ಶಾಲೆಯಿಂದ ಬಂದ ಗುಬ್ಬಿ ಹೊಸ ದಿಂಬನ್ನು ತಬ್ಬಿಕೊಂಡು ಕುಣಿದಳು. ಅಪ್ಪನ ಹಾಸಿಗೆಯದಂತೆ ಎಂದು ಮೂಸಿ ನೋಡಿದಳು. ಗೋದಾಮಿನ ಹತ್ತಿಯ ರಾಶಿಗೆ ಒರಗಿ, ಅದರ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

ಟಂಯ್.

ಸೊಸೆ ತಲೆಯೆತ್ತಿದಳು. ಗೋಡೆಯ ಮೇಲಿನ ಬಿಲ್ಲಿನ ತಂತಿ ಸಣ್ಣಗೆ ನಡುಗುತ್ತಿತ್ತು. ಇಲಿ ಇರಬೇಕು.

ಟಂಯ್. ಟಂಯ್.

ಕರೆಂಟು ಹೋಯಿತು. ಹೊರಗೆ ಇನ್ನೂ ಹೊತ್ತು ಮುಳುಗಿರಲಿಲ್ಲ, ಆದರೆ ಕಿಟಕಿಯಿಲ್ಲದ ಗೋದಾಮಿಗೆ ಹೊತ್ತಿನ ಹಂಗಿಲ್ಲ. ಬಾಗಿಲಿನ ಸಂದಿಯಿಂದ ಬಂದ ಬೆಳಕಿನ ಗೆರೆಯಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ಅದು ಕೆಳಗೆ ಬೀಳುತ್ತಿರಲಿಲ್ಲ. ಒಂದೇ ಕಡೆಗೆ, ಮಗು ಮಲಗಿದ್ದ ಕಡೆಗೆ, ಮೆಲ್ಲಗೆ ಸಾಗುತ್ತಿತ್ತು. ಸುಟ್ಟ ರಬ್ಬರಿನ ವಾಸನೆ ದಟ್ಟವಾಯಿತು. ಪೆಟ್ರೋಲಿನ ವಾಸನೆಯೂ ಸೇರಿಕೊಂಡಿತು.

"ಉಸಿರುಗಟ್ಟಿ ಸಾಯಬೇಕು ಅವನು," ಎಂದಿತು ಮಗು.

ದನಿ ಗುಬ್ಬಿಯದೇ. ಕಣ್ಣು ಮುಚ್ಚಿತ್ತು.

"ಒದ್ದಾಡಿ ಸಾಯಬೇಕು. ನಾನು ಕಣ್ಣಾರೆ ನೋಡಬೇಕು. ನೋಡಿಯೂ ನೀರು ಕೊಡಬಾರದು."

ಸೊಸೆ ಎದ್ದು ನಿಂತಳು. ಆ ಮಾತುಗಳು ಅವಳವು. ಯಾರ ಎದುರೂ ಆಡಿದ್ದಲ್ಲ. ಎಷ್ಟೋ ರಾತ್ರಿ ದಿಂಬಿಗೆ ಮುಖ ಒತ್ತಿಕೊಂಡು, ತುಟಿ ಅಲುಗಿಸದೆ ಹೇಳಿಕೊಂಡ ಮಾತುಗಳು. "ಗುಬ್ಬೀ!" ಎಂದು ಮಗುವನ್ನು ಹಿಡಿದು ಅಲುಗಾಡಿಸಿದಳು. ಗುಬ್ಬಿ ಕಣ್ಣು ಬಿಟ್ಟಳು. ಏನೋ ಹೇಳಹೋದಳು. ಕೆಮ್ಮು ಬಂತು. ತುಟಿಯ ತುದಿಯಲ್ಲಿ ಬಿಳಿ ಎಳೆಯೊಂದು ಕಾಣಿಸಿತು.

ಧೂಳು, ಅಲರ್ಜಿ, ಆಸ್ತಮಾ ಎಂದು ಲ್ಯಾಬಿನ ತಲೆ ಲೆಕ್ಕ ಹಾಕಿತು. ಬೆರಳು ಹಾಕಿ ಎಳೆ ಹಿಡಿದು ಎಳೆದಳು. ಬಂತು. ಇನ್ನೂ ಬಂತು. ಎಳೆದಷ್ಟೂ ಬರುತ್ತಲೇ ಇತ್ತು, ಒದ್ದೆಯಾಗಿ, ಬೆಚ್ಚಗೆ, ಮುಗಿಯದೆ. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು. ಹೊಸ್ತಿಲ ಬಳಿ ಗುಬ್ಬಿಯ ಉಸಿರು ಪೂರ್ತಿ ನಿಂತಿತು. ಮುಖ ನೀಲಿಯಾಯಿತು. ಸೊಸೆ ಬೆದರಿ ಹಿಂದಕ್ಕೆ ಸರಿದಳು. ಉಸಿರು ಕೊಂಚ ಬಂತು. ಮತ್ತೆ ಮುಂದೆ ಹೋದಳು. ಮತ್ತೆ ನಿಂತಿತು. ಏನೋ ಮಗುವಿಗೆ ಹಗ್ಗ ಕಟ್ಟಿ ಹಿಡಿದುಕೊಂಡಿತ್ತು. ಹಗ್ಗದ ಇನ್ನೊಂದು ತುದಿ ಎಲ್ಲಿದೆಯೆಂದು ಅವಳು ತಿರುಗಿ ನೋಡಿದಳು. ಕಂಬದ ಮೇಲೆ ಬೊಂಬೆಯ ಖಾಲಿ ಚರ್ಮ ದಬ್ಬಣಕ್ಕೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಕೆಂಪು ದಾರದ ಬಾಯಿ ಈಗ ತೆರೆದಿತ್ತು.

ಬಾಗಿಲು ದೂಡಿಕೊಂಡು ಅತ್ತೆ ಒಳಗೆ ಬಂದಳು. ಅವಳ ತೋಳು ಹಿಡಿದು ನಡೆಸಿಕೊಂಡು ಬಂದವನು ಕುಂಟುತ್ತಿದ್ದ. ತಮ್ಮ. ಸೊಂಟ ಹಿಡಿದ ಮುದುಕಿಯನ್ನು ಅವನು ಪ್ರತಿಸಲವೂ ಬೀದಿಯ ತಿರುವಿನವರೆಗೆ ತಂದುಬಿಟ್ಟು ಹೋಗುತ್ತಿದ್ದದ್ದು ಸೊಸೆಗೆ ಗೊತ್ತಿರಲಿಲ್ಲ. ಇವತ್ತು ಒಳಗಿನ ಚೀರಾಟ ಕೇಳಿ ಬಾಗಿಲವರೆಗೂ ಬಂದಿದ್ದ.

"ಇವನು ಯಾಕೆ ಬಂದ?" ಎಂದು ಆ ಸ್ಥಿತಿಯಲ್ಲೂ ಸೊಸೆ ಕಿರುಚಿದಳು.

ಅತ್ತೆಗೆ ಅದು ಕೇಳಿಸಲಿಲ್ಲ. ಅವಳು ಕಂಬವನ್ನೇ ನೋಡುತ್ತಿದ್ದಳು. ನೋಡುತ್ತಲೇ ನೆಲಕ್ಕೆ ಕುಸಿದಳು. "ಬಿಚ್ಚಿಬಿಟ್ಯಾ... ಯಾರ ಸುದ್ದಿ ಎತ್ತಿದೆ? ಒಳಗಿನ ಹತ್ತಿ ಎಲ್ಲಿ?"

"ಇವನದೇ ಎತ್ತಿದೆ! ಹತ್ತಿ... ಗುಬ್ಬಿ ದಿಂಬಿಗೆ ಹೋಯ್ತು. ಯಾರದತ್ತೆ ಆ ಬೊಂಬೆ? ಯಾರು ಮಾಡಿದ್ದು?"

"ನಾನು," ಎಂದಳು ಅತ್ತೆ.

ಬಿಲ್ಲು ಟಂಯ್ ಎಂದಿತು.

"ಮಗನ್ನ ಮಣ್ಣು ಮಾಡಿದ ವಾರವೇ ಮಾಟದವನ ಬಾಗಿಲಿಗೆ ಹೋದೆ. ಇದೇ ಕೈಯಲ್ಲಿ ಹೊಲಿದೆ. ನನ್ನ ಕೂದಲಲ್ಲೇ ಕಟ್ಟಿದೆ. ಇವನು ಉಸಿರುಗಟ್ಟಿ ಸಾಯಲಿ ಅಂತ." ಮುದುಕಿ ತನ್ನ ಎರಡೂ ಅಂಗೈ ನೋಡಿಕೊಂಡಳು. "ಚುಚ್ಚೋದಕ್ಕೆ ಮುಂಚೆ ದೇವರು ನನ್ನ ಕೈ ಹಿಡಿದ. ಆದ್ರೆ ಸುಟ್ಟರೆ ಇವನೂ ಸುಟ್ಟುಹೋಗ್ತಾನೆ, ನೀರಿಗೆ ಹಾಕಿದ್ರೆ ಮುಳುಗ್ತಾನೆ ಅಂದಿದ್ದ ಮಾಟದವನು. ಕಟ್ಟಿಟ್ಟರೆ ಮಲಗಿರುತ್ತೆ ಅಂದ. ಅದಕ್ಕೇ ಹಾಸಿಗೆಯೊಳಗೆ ಬಚ್ಚಿಟ್ಟೆ. ನಾನು ಬಿಟ್ಟಿದ್ದನ್ನ ನೀನು ಎತ್ಕೊಂಡೆ ತಾಯಿ. ಈಗ ಅದು ನಿನ್ನದು."

"ಇವನ ಮೇಲೆ ಬಿಟ್ಟಿದ್ದು ನನ್ನ ಮಗೂಗೆ ಯಾಕೆ ಬಂತು?"

"ಹತ್ತಿ ಅವಳ ತಲೆ ಕೆಳಗಿತ್ತಲ್ಲ. ಇವನದೇ ರಕ್ತ, ಇವನದೇ ಸುಳಿ. ಅದಕ್ಕೆ ಕಣ್ಣಿಲ್ಲ ತಾಯಿ, ತಡವಿ ಹಿಡಿಯುತ್ತೆ."

ಸೊಸೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಕಂಬಕ್ಕೆ ಹಾರಿ, ದಬ್ಬಣ ಹಿಡಿದು ಎಳೆದಳು. ಅದು ಬರಲಿಲ್ಲ. ಎಳೆದಷ್ಟೂ ಒಳಕ್ಕೆ ಹೋಯಿತು. ಹಿಂದೆ ಗುಬ್ಬಿ ಗೊರಗುಟ್ಟಿದಳು.

"ಹಾಗೆ ಎಳೀಬೇಡ!" ಎಂದು ಅತ್ತೆ ಕೂಗಿದಳು. "ಹಗೆ ಇಟ್ಕೊಂಡು ಎಳೆದ್ರೆ ಒಳಗೇ ಹೋಗುತ್ತೆ. ಹಗೆ ಬಿಟ್ಟ ಕೈಗೆ ಮಾತ್ರ ಬರುತ್ತೆ ಅಂದಿದ್ದ ಆ ಮಾಟದವನು. ಅಂಥವರು ಯಾರೂ ತನ್ನ ಹತ್ರ ಬರಲ್ಲ ಅಂತ ನಕ್ಕಿದ್ದ."

ಮುದುಕಿಯ ಮಡಿಲಿನಿಂದ ಗುಬ್ಬಿಯ ದನಿ ಬಂತು. ಈ ಸಲ ಮಾತು ಸೊಸೆಯದಲ್ಲ, ಮಗುವಿನದೂ ಅಲ್ಲ. ತುಂಬ ಹಳೆಯದು, ತುಂಬ ನಯವಾದದ್ದು.

"ಅವನು ಇಲ್ಲೇ ಇದ್ದಾನಲ್ಲ. ಇನ್ನೊಂದು ಸಲ ಒತ್ತು. ಅವನನ್ನ ಕೊಡು. ಮಗೂನ ಬಿಡ್ತೀನಿ."

ತಮ್ಮ ಕುಂಟುತ್ತ ಮುಂದೆ ಬಂದು ಕಂಬದ ಬುಡದಲ್ಲಿ ಮೊಣಕಾಲೂರಿದ. ತಲೆ ತಗ್ಗಿಸಿದ. "ಒತ್ತಿಬಿಡು ಅಕ್ಕಾ," ಎಂದ. "ನಂದೇ ಅಲ್ವಾ ಈ ಸಾಲ. ಗುಬ್ಬಿ ಬದುಕ್ಲಿ."

ಸೊಸೆಯ ಅಂಗೈ ದಬ್ಬಣದ ತಲೆಯ ಮೇಲಿತ್ತು. ಒಂದು ಸಲ ಒತ್ತಿದರೆ ಮುಗಿಯಿತು. ಮಗಳೂ ಉಳಿಯುತ್ತಾಳೆ, ಗಂಡನಿಗೆ ನ್ಯಾಯವೂ ಸಿಗುತ್ತದೆ. ಯಾರು ತಪ್ಪೆನ್ನುತ್ತಾರೆ? ಅವಳಿಗೆ ಒತ್ತಬೇಕೆನಿಸಿತು. ನಿಜವಾಗಿಯೂ ಅನಿಸಿತು. ಆ ಆಸೆ ಬಾಯಲ್ಲಿ ಸಿಹಿಯಾಗಿತ್ತು. ಅದು ಸಿಹಿಯಾಗಿರುವುದು ಗೊತ್ತಾದಾಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಒತ್ತಿದರೆ ಇದು ಹೋಗುವುದಿಲ್ಲ. ಇಲ್ಲೇ ಇರುತ್ತದೆ. ತನ್ನೊಳಗೆ. ತಾನು ಮಗಳ ತಲೆ ಬಾಚುವ ಕೈಯಲ್ಲಿ. ಮುಂದೆ ಯಾರ ಮೇಲೆ ಸಿಟ್ಟು ಬಂದರೂ ಅದಕ್ಕೆ ಹಸಿವಾಗುತ್ತದೆ.

ಕೆಳಗೆ ತಮ್ಮನ ಬಗ್ಗಿದ ತಲೆ. ಎರಡು ಸುಳಿ. ಚಿಕ್ಕವನಿದ್ದಾಗ ಆ ತಲೆ ಬಾಚುತ್ತಿದ್ದವಳೂ ಅವಳೇ.

ಆದರೂ ಕ್ಷಮೆ ಬರಲಿಲ್ಲ. ಹುಡುಕಿದಳು. ಎದೆಯಲ್ಲಿ ಹತ್ತಿ ತುಂಬಿದ ಗಂಡನ ಬಾಯಿ ಬಿಟ್ಟು ಬೇರೇನೂ ಇರಲಿಲ್ಲ. ಹಿಂದೆ ಗುಬ್ಬಿಯ ಕಾಲು ನೆಲಕ್ಕೆ ಬಡಿಯುತ್ತಿತ್ತು. ಬಡಿತ ನಿಧಾನವಾಗುತ್ತಿತ್ತು. ಬಿಲ್ಲು ಮಾತ್ರ ಜೋರಾಗಿ ಮಿಡಿಯುತ್ತಿತ್ತು. ಟಂಯ್. ಟಂಯ್. ಟಂಯ್. ಒತ್ತು. ಒತ್ತು. ಒತ್ತು.

ಸೊಸೆ ಬಾಯಿ ತೆರೆದಳು. ದಿನವೂ ನುಂಗಿಕೊಂಡಿದ್ದ ಆ ಸಾಲನ್ನು ಹಿಡಿದುಕೊಂಡಳು. ಕಕ್ಕುವಂತೆ ಹೊರಗೆ ಹಾಕಿದಳು. ಹೇಳಿದಳು. ಸುಳ್ಳೆನಿಸಿತು. ಮತ್ತೆ ಹೇಳಿದಳು.

"ತಂದೇ, ನನ್ನ ಕೈಲಿ ಆಗ್ತಿಲ್ಲ," ಎಂದು ಕೂಗಿದಳು. "ನನ್ನ ಹತ್ರ ಇಲ್ಲ. ಇವನನ್ನ ನೀನೇ ಕ್ಷಮಿಸು. ತೀರ್ಪು ನಿಂದು, ನನಗೆ ಬೇಡ. ಬಿಟ್ಟೆ. ಇವನನ್ನ ಬಿಟ್ಟೆ!"

ದಬ್ಬಣ ಎಳೆದಳು.

ಬಂತು.

ಸುಮ್ಮನೆ ಬರಲಿಲ್ಲ. ಕಂಬದಿಂದ ಕಿತ್ತುಕೊಂಡು ಅವಳ ಕಡೆಗೇ ತಿರುಗಿತು. ಬಲ ಅಂಗೈಗೆ ನುಗ್ಗಿತು. ಆಚೆ ಬದಿಯಿಂದ ಹೊರಬಂತು. ಬಿಲ್ಲಿನ ತಂತಿ ಫಟ್ಟೆಂದು ಹರಿಯಿತು. ಕತ್ತಲೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ವಾಸನೆ ಹೋಯಿತು. ಬೊಂಬೆಯ ಚರ್ಮ ನೆಲಕ್ಕೆ ಬಿದ್ದು ಬೂದಿಯಂತೆ ಉದುರಿತು. ಆಮೇಲೆ, ತುಂಬ ಹೊತ್ತಾದ ಮೇಲೆ ಎಂಬಂತೆ, ಗುಬ್ಬಿ ಒಂದು ದೊಡ್ಡ ಮುದ್ದೆ ಹತ್ತಿಯನ್ನು ಕಕ್ಕಿ, ಉಸಿರೆಳೆದುಕೊಂಡು, ಗಟ್ಟಿಯಾಗಿ ಅತ್ತಳು.

ದಿಂಬನ್ನು ಸುಟ್ಟರು. ಪಟ್ಟೆ ಹಾಸಿಗೆಯ ಕಡೆಯ ಚೂರನ್ನೂ ಸುಟ್ಟರು. ಗಂಡನ ಬಿಲ್ಲನ್ನೂ ಬೆಂಕಿಗೆ ಕೊಟ್ಟಾಗ ಸೊಸೆ ಅತ್ತಳು. ಅತ್ತೆ ಅವಳ ಮುಂದೆ ಕೈಮುಗಿದು ನಿಂತಳು. ಅತ್ತೆಯನ್ನೂ ಕ್ಷಮೆಯ ಆ ಸಾಲಿನೊಳಗೆ ಸೇರಿಸಿಕೊಳ್ಳಲು ಸೊಸೆಗೆ ಕೆಲವು ದಿನ ಹಿಡಿಯಿತು.

ಗಾಯ ಮಾಯಿತು, ಬಲಗೈಗೆ ಮಾತ್ರ ಜೀವ ವಾಪಸು ಬರಲಿಲ್ಲ. ಬೆರಳುಗಳು ಮಡಚುವುದಿಲ್ಲ, ಬಿಸಿ ತಂಪು ತಿಳಿಯುವುದಿಲ್ಲ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಎಲ್ಲ ಪರೀಕ್ಷೆ ಮಾಡಿಸಿದರು. ಯಾವುದರಲ್ಲೂ ಏನೂ ಕಾಣಲಿಲ್ಲ. ಈಗ ಅಂಗಡಿಯಲ್ಲಿ ಹೊಲಿಯುವವನು ತಮ್ಮ. ಅವಳು ಅಳತೆ ಹೇಳುತ್ತಾಳೆ, ಅವನು ದಬ್ಬಣಕ್ಕೆ ದಾರ ಪೋಣಿಸುತ್ತಾನೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಒಮ್ಮೊಮ್ಮೆ ಗುಬ್ಬಿ ಇಬ್ಬರ ನಡುವೆ ಕೂತು ತಲೆ ಚಿಟ್ಟು ಹಿಡಿಯುವಷ್ಟು ಹರಟಿದಾಗ ಅವನು ನಗುತ್ತಾನೆ. ಅವಳಿಗೂ ನಗು ಬಂದುಬಿಡುತ್ತದೆ.

ಬೆಳಗಿನ ಪ್ರಾರ್ಥನೆಗೆ ಈಗ ನಾಲ್ವರು. ಕೆಲವು ದಿನ ಆ ಸಾಲು ತಾನಾಗಿ ಬರುತ್ತದೆ, ಭಯವಿಲ್ಲದೆ, ಹಗುರಾಗಿ. ಒಂದು ದಿನ ಮಾತ್ರ ಹಾಗಾಗಲಿಲ್ಲ. ಅವತ್ತು ಗಂಡ ಸತ್ತ ತಾರೀಖು ಮತ್ತೆ ಬಂದಿತ್ತು. ತಮ್ಮ ಏನೂ ತಿಳಿಯದವನಂತೆ, ಗಂಡ ಕೂರುತ್ತಿದ್ದ ಜಾಗದಲ್ಲೇ ಬಂದು ಕೂತ. ಸೊಸೆಯ ಎದೆಯಲ್ಲಿ ಹಳೆಯದೆಲ್ಲ ಕುದ್ದು ಮೇಲೆ ಬಂತು. ಪ್ರಾರ್ಥನೆ ಆ ಸಾಲಿಗೆ ಬಂದಿತು. ಮೂವರ ದನಿ ಮುಂದೆ ಹೋಯಿತು. ಅವಳ ತುಟಿ ಬಿಗಿದುಕೊಂಡಿತು.

ಗೋಡೆಯ ಕಡೆಯಿಂದ, ಬಿಲ್ಲಿಲ್ಲದ ಬರೀ ಮೊಳೆಯ ಕಡೆಯಿಂದ, ಸಣ್ಣಗೆ ಕೇಳಿಸಿತು.

ಟಂಯ್.

ಗುಬ್ಬಿ ಕೆಮ್ಮಿದಳು.

ಸೊಸೆ ಕಣ್ಣು ಬಿಟ್ಟು ತಮ್ಮನನ್ನು ನೋಡಿದಳು. ಅವನೂ ಕೇಳಿಸಿಕೊಂಡಿದ್ದ. ಅವನ ಮುಖ ಬಿಳುಚಿಕೊಂಡಿತ್ತು, ಆದರೂ ಆ ಸಾಲು ಹೇಳು ಎಂದು ಕೇಳಿಕೊಳ್ಳುವ ಧೈರ್ಯವಿಲ್ಲದೆ ತಲೆ ತಗ್ಗಿಸಿ ಕೂತಿದ್ದ. ಅವಳು ಜೀವವಿಲ್ಲದ ಬಲಗೈಯನ್ನು ಎಡಗೈಯಿಂದ ಎತ್ತಿ ಅವನ ಎರಡು ಸುಳಿಯ ಮೇಲೆ ಇಟ್ಟಳು. ಬಿಟ್ಟ ಸಾಲನ್ನು ಒಬ್ಬಳೇ, ಎಲ್ಲರಿಗೂ ಕೇಳುವಂತೆ ಹೇಳಿದಳು.

ಗುಬ್ಬಿಯ ಕೆಮ್ಮು ನಿಂತಿತು. ನಾಳೆ ಮತ್ತೆ ಹೇಳಬೇಕು.